ಬಲಗಡೆ ಪೆಟ್ಟಿಗೆ

ಎಡಗಡೆ ಪೆಟ್ಟಿಗೆ ಎಂದೂ ಬಾಯಿ ಬಿಟ್ಟದ್ದಲ್ಲ.
ಅದರ ತುಂಬ ಕೂದಲು.
ಹನ್ನೊಂದು ಊರ ಹೆಂಗಸರು ಬಾಚಿ, ಬೆರಳಿಗೆ ಸುತ್ತಿ,
ಬಚ್ಚಲ ಗೋಡೆಯ ಸಂದಿಗೆ ತುರುಕಿಟ್ಟ ಉಂಡೆಗಳು.
ಬಲಗಡೆಯದರಲ್ಲಿ ಅವರಿಗೆ ಕೊಡುವ
ಸ್ಟೀಲ್ ಬಟ್ಟಲು, ಚಹಾ ಜರಡಿ, ಪಿನ್ನು, ರಿಬ್ಬನ್ನು.
ಭಾಗ್ಯನಗರದ ರೈಲ್ವೆ ಗೇಟು ದಾಟುವುದೇ ತಡ
ಅದು ಹಚ್ಚಿಕೊಳ್ಳುತ್ತಿತ್ತು: ಗಡಗಡ. ಗಡ. ಗಡಗಡಗಡ.

ಬಟ್ಟಲುಗಳದೇ ಕಿತಾಪತಿ ಅಂದುಕೊಂಡು
ಒಂದು ಅಮಾವಾಸ್ಯೆ, ವ್ಯಾಪಾರವಿಲ್ಲದ ದಿನ,
ಎಲ್ಲ ಇಳಿಸಿ ಖಾಲಿ ಪೆಟ್ಟಿಗೆಯಲ್ಲಿ
ಕುಕನೂರಿಗೆ ಹೋಗಿಬಂದೆ.
ಖಾಲಿ ಇನ್ನೂ ಜೋರು.

ಎಂಬತ್ತನಾಲ್ಕರ ರಾಜದೂತ್ ಇದು. ನನಗಿಂತ ಮೊದಲು
ದನದ ದವಾಖಾನೆಯ ಕಂಪೌಂಡರನದು.
ಪೆಟ್ಟಿಗೆಗಳೂ ಅವನವೇ. ಮುಚ್ಚಳದ ಒಳಮೈಗೆ ಇನ್ನೂ ಅಂಟಿಕೊಂಡಿದೆ
ಕಾಲುಬಾಯಿ ಬೇನೆಯ ಚೀಟಿ, ಎತ್ತಿನ ಅರ್ಧ ಮುಖ.

ಭಾನಾಪುರ ಕ್ರಾಸಿನ ಯಮನೂರಪ್ಪ
ಪಾನಾ ಮುಟ್ಟಲೇ ಇಲ್ಲ. 'ನೀ ಹೊಡಿ' ಅಂದ.
ಹಿಂದಿನ ಸೀಟಿನ ಮೇಲೆ ಹಿಮ್ಮುಖ ಕೂತು, ಒಂದು ಕಡೆ ವಾಲಿ,
ಸ್ಕ್ರೂಡ್ರೈವರಿನ ತುದಿ ತಗಡಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ, ಊರ ಸುತ್ತ ಎರಡು ಸುತ್ತು.
ಬಸ್ಸು ಕಾಯುತ್ತಿದ್ದವರು ಕೇಳಿದರು:
'ಯಾರ ಮದಿವಿ ಮೆರವಣಗಿನೋ?'

ಇಳಿದು ಹೇಳಿದ: 'ಸಪ್ಪಳ ಪೆಟಗಿದಲ್ಲ, ತೂತಿಂದು.
ಬೋಲ್ಟು ತಿಂದು ತಿಂದು ಮೊಟ್ಟಿ ಆಗೇತಿ.'
ಬಗ್ಗಿ ನೋಡಿದೆ. ಕೆಳಗಿನ ಪಟ್ಟಿಯ ದುಂಡು ತೂತು ಸವೆದು
ಕೋಳಿಮೊಟ್ಟೆಯ ಆಕಾರ. ಅದರ ಮೇಲೆ ಕಂಪೌಂಡರ ಬಿಗಿದ ತಂತಿ,
ತಂತಿಯ ಮೇಲೆ ನಾನೇ ಸುತ್ತಿದ್ದ ಸೀರೆಯ ಅಂಚು.
ಎರಡೂ ಕಿತ್ತು ಎಸೆದ.

ಟ್ಯೂಬಿನ ರಬ್ಬರು ಕತ್ತರಿಸಿದ. ಹವಾಯಿ ಚಪ್ಪಲಿಯ ಹಿಮ್ಮಡದಿಂದ
ಎರಡು ಬಿಲ್ಲೆ ಕೊರೆದ. ಹಳೆ ರೂಪಾಯಿಯಷ್ಟಗಲದ ವಾಷರು,
ಅತ್ತೊಂದು ಇತ್ತೊಂದು. ಬಿಗಿಯುತ್ತ ಬಿಗಿಯುತ್ತ
ನಾನು ಇನ್ನೂ ಅನ್ನುವಷ್ಟರಲ್ಲಿ ಕೈ ಬಿಟ್ಟ:
'ಭಾಳ ಬಿಗದ್ರ ತಗಡ ಹರೀತೈತಿ.'

ಕೂಲಿ ಕೇಳಿದರೆ ಜರಡಿಯ ಕಡೆ ಬೆರಳು ಮಾಡಿದ.
ನೂರು ಗ್ರಾಂ ಕೂದಲಿಗೆ ಒಂದು ಜರಡಿ, ಅದು ಲೆಕ್ಕ, ಅಂದೆ.
ಟೋಪಿ ತೆಗೆದ.
ನುಣ್ಣನೆ ಬುರುಡೆಯ ಮೇಲಿಂದ ಬಿಸಿಲು ಜಾರಿಹೋಯಿತು.
ಜರಡಿ ಕೊಟ್ಟೆ.

ಹೊರಟರೆ ರಸ್ತೆಯೇ ಬೇರೆ.
ಚೈನು ಎಣ್ಣೆ ಬೇಡುತ್ತಿತ್ತು. ಶೇಂಗಾ ಹೊಲದಲ್ಲಿ
ಯಾರೋ ಯಾರನ್ನೋ ಕೂಗಿ ಕರೆದರು, ಹೆಸರು ಸಮೇತ ಕೇಳಿಸಿತು.
ಆಮೇಲೆ, ತಳಕಲ್ಲಿನ ಹತ್ತಿರ, ಎಡಗಡೆಯಿಂದ,
ಇಷ್ಟು ವರ್ಷ ಬಾಯಿ ಬಿಡದ ಪೆಟ್ಟಿಗೆಯಿಂದ:
ಟಿಕ್.

ನಿಲ್ಲಿಸಿ ಮೊಣಕೈ ತನಕ ಕೈ ಹಾಕಿದೆ.
ತಳದಲ್ಲಿ ಸಿಕ್ಕಿತು ಟ್ರ್ಯಾಕ್ಟರಿನ ಒಂದು ನಟ್ಟು.
ಹೆಬ್ಬೆರಳಿಗೆ ಉಂಗುರವಾಗುವಷ್ಟು ದೊಡ್ಡದು. ಇನ್ನೂ ಅದಕ್ಕೆ
ಸುತ್ತಿಕೊಂಡ ನಾಕೆಳೆ ಕೂದಲು, ತುದಿ ಗೋರಂಟಿ ಕೆಂಪು, ಬುಡ ಬಿಳಿ.
ಹನ್ನೊಂದು ಊರಲ್ಲಿ ಅಂಥ ತಲೆ ಒಂದೇ.
ಈ ಗಡಗಡದೊಳಗೆ ಎಷ್ಟು ಕಬ್ಬಿಣ ಹೊತ್ತೆನೋ,
ಎಷ್ಟು ಬಟ್ಟಲು ಕೊಟ್ಟೆನೋ.
ನಗು ಬಂತು. ಸಿಟ್ಟೂ ಬಂತು. ನಟ್ಟು ಕಿಸೆಗೆ ಇಳಿಯಿತು.

ಮುಂದಿನ ಸೋಮವಾರ ಬನ್ನಿಕೊಪ್ಪ.
ಫಕೀರವ್ವ ಉಂಡೆ ಹಿಡಿದು ಬಾಗಿಲಿಗೆ ಬಂದಳು.
ತಕ್ಕಡಿ ಎತ್ತಿದೆ, ಮಾತು ಎತ್ತಲಿಲ್ಲ.
ಆಕೆ ಗಾಡಿ ನೋಡಿದಳು, ಬಲಕ್ಕೊಮ್ಮೆ, ಎಡಕ್ಕೊಮ್ಮೆ.
'ಇವತ್ತ ಸಪ್ಪಳನ ಇಲ್ಲಲ್ಲೋ ಗಾಳೆಪ್ಪ?'
'ರಿಪೇರಿ ಆತು ಬೇ. ಈಗ ಸಣ್ಣದೂ ಕೇಳಸ್ತೈತಿ.'

ಉಂಡೆಯ ಕೈ ಸೆರಗಿನೊಳಗೆ ಹೋಯಿತು.
'ತಡಿ, ಇದು ಹಸಿ ಐತಿ. ಒಣಗಿದ್ದು ತರ್ತೀನಿ'
ಎಂದು ಬಚ್ಚಲ ಕಡೆ ನಡೆದಳು.
ಕಲ್ಲಿನ ಮೇಲೆ ಏನೋ ಬಿದ್ದ ಸದ್ದು.
ಕಬ್ಬಿಣದ್ದು.